ಹದಿಮೂರ ಆರಲೆ

ಜನಗಣತಿಗೆ ಸಿಂದಗಿಯ ನಮ್ಮ ಓಣಿಯೇ ಬಂತು ನನಗೆ.
ಹತ್ತೊಂಬತ್ತು ಮನೆ ಮುಗಿಸಿ, ಇಪ್ಪತ್ತನೆಯದು ನಮ್ಮದೇ.
ಚಪ್ಪಲಿ ಬಿಟ್ಟು ಅಪ್ಪನ ಎದುರು
ಪರ ಊರಿನವಳ ಹಾಗೆ ಕೂತೆ.

ಹೆಸರು? ಗೊತ್ತಿದ್ದೂ ಕೇಳಿದೆ.
ಧೂಳಪ್ಪ, ಅಂದ.
ಕಸಬು?
ಅಡತಿ ಅಂಗಡ್ಯಾಗ ಹಮಾಲಿ, ಬೆನ್ನ ಬೀಳೂ ತನಾ.
ಓದು, ಬರಹ?
ನಕ್ಕ. "ಯಾ ಕಡಿಂದ? ಎಡಕಿನಿಂದೋ, ಬಲಕಿನಿಂದೋ?"

ಎಷ್ಟನೇ ಇಯತ್ತೆ?
ಬಾಗಿಲ ಕಡೆ ನೋಡಿದ.
"ಹದಿಮೂರ ಆರಲೆ ತನಾ ಅಂತ ಬರಕೊ."

ನಮೂನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

*

ಭೀಮೆಯ ಆಚೆ ದಂಡೆ, ನಿಜಾಮನ ಸೀಮೆ.
ಸಾಲಿ ಅಂದರೆ ಒಂದು ಬೇವಿನ ಗಿಡ, ಒಂದು ಪಡಸಾಲೆ,
ದಾವಲಸಾಬ ಮಾಸ್ತರರ ಸುಣ್ಣ ಹತ್ತಿದ ಬೆರಳು.
ಅಲಿಫ್ ನೆಟ್ಟಗೆ ನಿಲ್ಲುತ್ತಿತ್ತು.
ಬೇ, ಹೊಟ್ಟೆಯಡಿ ಒಂದು ಚುಕ್ಕಿ ಇಟ್ಟುಕೊಂಡು
ದೋಣಿಯ ಹಾಗೆ ತೇಲುತ್ತಿತ್ತು.
ಮನೆಯಲ್ಲಿ ಕನ್ನಡ, ಪಾಟಿಯ ಮೇಲೆ ಉರ್ದು;
ಎರಡಕ್ಕೂ ಜಗಳ ಹಚ್ಚಬಹುದೆಂದು
ಹುಡುಗರಿಗೆ ಗೊತ್ತಿರಲಿಲ್ಲ.

ರಜಾಕಾರರ ವರ್ಷ ಅದು. ಅವತ್ತು ಮಗ್ಗಿ.
ತೇರಾ ಪಂಜೆ ಪೈಂಸಠ್
ತೇರಾ ಛಕ್ಕೆ ಅಠಹತ್ತರ್
ತೇರಾ ಸತ್ತೆ

ಕುದುರೆಗಳು ಮೊದಲು ಕಿವಿಗೆ ಬಂದವು,
ಆಮೇಲೆ ಬಣವೆಯ ಹೊಗೆ ಮೂಗಿಗೆ.
ಕಣ್ಣಿಗೆ ಬಂದದ್ದನ್ನು ಅಪ್ಪ ಈ ತನಕ ಹೇಳಿಲ್ಲ.
ಹೇಳಿದ್ದು ಇಷ್ಟು: ರಾತ್ರಿ, ಹೊಳೆ, ಮಾಸ್ತರರ ಹೆಗಲು,
ನೆತ್ತಿಯ ಮೇಲೆ ತಾನೇ ಹಿಡಿದ ಪಾಟಿ.
ನಡುಹೊಳೆಯಲ್ಲಿ ಕೈ ಸೋತು ಪಾಟಿ ನೀರಿಗೆ ತಾಗಿ
ಬರೆದದ್ದೆಲ್ಲ ಭೀಮೆಗೆ ಹೋಯಿತು.
ಈಚೆ ದಂಡೆಗೆ ಇಳಿಸಿ ಅವರು ತಿರುಗಿ ಹೋದರಂತೆ.
ಯಾಕೆ ಹೋದರು?
"ಹಾಜರಿ ಪುಸ್ತಕ ಅಲ್ಲೇ ಇತ್ತಲ್ಲ."

*

ಆಲಮೇಲದ ಸಾಲಿ ಬೇರೆ, ಮುಂಬಯಿ ಸರಕಾರದ್ದು.
ಒಂಬತ್ತರ ಹುಡುಗನನ್ನು ಒಂದನೇ ಇಯತ್ತೆಗೆ ಕೂಡಿಸಿದರು,
ಎಷ್ಟು ಬಗ್ಗಿದರೂ ತಲೆ ಎಲ್ಲರಿಗಿಂತ ಮೇಲೆ.
ಅ ಬರೆ ಅಂದರೆ ಕೈ ಪಾಟಿಯ ಬಲತುದಿಗೆ ಹೋಗುತ್ತಿತ್ತು,
ಹೋದ ಕೈಗೆ ಅಡಿಪಟ್ಟಿ.
ಬಾಗಿಲ ಹತ್ತಿರ ಜಾಗ ಸಿಗದ ದಿನ ಹೊಟ್ಟೆನೋವು.
ಟಾಂಗಾ ಹಾದರೆ ಚಡ್ಡಿ ಒದ್ದೆ.
ಹುಡುಗರು ಅದಕ್ಕೊಂದು ಹೆಸರಿಟ್ಟರು,
ಆ ಹೆಸರನ್ನು ಅಪ್ಪ ನನಗೆ ಹೇಳುವುದಿಲ್ಲ.

ಆ ವರ್ಷದ ದೀಪಾವಳಿ ಸೂಟಿ ಎಲ್ಲರಿಗೂ ಮುಗಿಯಿತು.
ಅವನ ಸೂಟಿ ಮುಗಿಯಲಿಲ್ಲ.

ತೊಗರಿ ಚೀಲ ಹನ್ನೆರಡರ ಸಾಲಿದ್ದರೆ
ಕಣ್ಣಲ್ಲೇ ಎಣಿಸಿ ಮುಗಿಸುವನು, ಗುಮಾಸ್ತನ ಪೆನ್ನಿಗಿಂತ ಮೊದಲು.
ಹದಿಮೂರರ ಸಾಲಾದರೆ ಎಪ್ಪತ್ತೆಂಟರ ತನಕ ಓಟ,
ಅಲ್ಲಿಂದ ಬೆರಳ ಗೆಣ್ಣು ಹಿಡಿದು
ಎಪ್ಪತ್ತೊಂಬತ್ತು, ಎಂಬತ್ತು, ಎಂಬತ್ತೊಂದು,
ಹೊಳೆಯಲ್ಲಿ ಕಾಲಿಂದ ತಳ ಹುಡುಕುವವರ ಹಾಗೆ.
ತೊಂಬತ್ತೊಂದು ಮುಟ್ಟುವಾಗ ಹಣೆಯೆಲ್ಲ ನೀರು.
ಧೂಳ್ಯಾಗ ಹದಿಮೂರು ಆಗಿ ಬರೂದಿಲ್ಲೋ, ಎಂದು
ಸಾಹುಕಾರನಿಗೆ ನಗು.

ನನ್ನನ್ನು ಸಾಲಿಗೆ ಹಚ್ಚಿದ ದಿನ
ಹೆಡ್ ಮಾಸ್ತರರಿಗೆ ಅಪ್ಪ ಕೇಳಿದ್ದು ಒಂದೇ ಮಾತು:
"ಹಿಂದೊಂದು ಬಾಗಲಾ ಐತೇನ್ರಿ?"

*

ಅಕ್ಷರಸ್ಥ, ಅನಕ್ಷರಸ್ಥ.
ಎರಡರಲ್ಲಿ ಒಂದನ್ನು ಬರೆಯಲೇಬೇಕು, ನಿಯಮ.
ಚಹಾ ಆರುವ ತನಕ ಪೆನ್ನು ಎತ್ತಿ ಹಿಡಿದಿದ್ದೆ.
ಬರೆದೆ. ಯಾವುದೆಂದು ಹೇಳುವುದಿಲ್ಲ.
ಅಪ್ಪ ರುಜು ಮಾಡಿದ: ಎಡಗಡೆ ಶುರುವಾಗಿ
ನಡುವೆ ಒಂದಿಷ್ಟು ನಿಂತು ಯೋಚಿಸುವ ರುಜು.

ಸೋಮವಾರ, ಐದನೇ ಇಯತ್ತೆ, ನಲವತ್ತೆರಡು ಬಾಯಿ.
ಹದಿಮೂರ ಆರಲೆ ಎಪ್ಪತ್ತೆಂಟು ಎಂದೊಡನೆ
ನನ್ನ ಕಣ್ಣು ಬಾಗಿಲಿಗೆ ಹೋಗುತ್ತದೆ.
ನೌಕರಿ ಸೇರಿದಂದಿನಿಂದಲೂ ಹೀಗೇ, ಯಾರೂ ಕಲಿಸಿದ್ದಲ್ಲ.
ಹೊರಗೆ ಒಂದು ಮೋಟರ್ ಸೈಕಲ್ಲು,
ಲಿಂಬಿಕಾಯಿ ಮಾರುವವನ ಕೂಗು.
ಹುಡುಗರು ನನಗಾಗಿ ನಿಲ್ಲುವುದಿಲ್ಲ,
ಆಗಲೇ ತೊಂಬತ್ತೊಂದು ದಾಟಿ
ನೂರಾನಾಕರ ದಂಡೆ ಹತ್ತಿದ್ದಾರೆ,
ಕಾಲು ಕೂಡ ಒದ್ದೆ ಮಾಡಿಕೊಳ್ಳದೆ.