ಕೆಮ್ಮು

ಕಬ್ಬನ್‌ಪೇಟೆಯ ಸಂದಿಯೊಳಗೆ, ಝೆರಾಕ್ಸ್ ಅಂಗಡಿಯ ಮೇಲೆ
ಏಳು ಮಗ್ಗದ ಮನೆಗಳ ಸಂಘ.
ಕಡಿದಾದ ಮೆಟ್ಟಿಲು. ಮೊಣಕಾಲೇ ಮೊದಲು ಕೇಳುತ್ತದೆ:
ನೀನು ಯಾರ ಪೈಕಿ?

ಇಲ್ಲಿಗೆ ಮಗ್ಗ ಹೊತ್ತು ಬಂದವರು ಏಳೇ ಜನವಂತೆ.
ಅವರ ವಂಶಕ್ಕಷ್ಟೇ ಸದಸ್ಯತ್ವ,
(ಹೆಣ್ಣುಮಕ್ಕಳಿಗೂ ಎಂದು ಹೋದ ವರ್ಷ ತಿದ್ದಿದರು)
ಸದಸ್ಯರಿಗಷ್ಟೇ ಛತ್ರ ಅರ್ಧ ಬಾಡಿಗೆಗೆ.
ಮಗಳ ಮದುವೆ ಮಾಘದಲ್ಲಿ. ಸುಳ್ಳೇಕೆ,
ನನಗೆ ಬೇಕಾದದ್ದು ಛತ್ರ.

ಅರ್ಜಿಯಲ್ಲಿ ಏಳು ಖಾನೆ, ತಲೆಮಾರಿಗೊಂದು.
ಕಾಗದಪತ್ರ ಅಪ್ಪನ ತನಕ ಬಂದು ನಿಂತಿತು;
ಮನೆಯ ಖಾತೆ ತಾತನ ತನಕ, ಅದೂ ಗೆದ್ದಲು ಓದಿ ಬಿಟ್ಟಷ್ಟು.
ಅದರಾಚೆ ಬರೀ ಬಾಯಿ.

ಹೆಳವರ ನಿಂಗಯ್ಯನ ಬಾಯಿ.
ಮೂರು ವರ್ಷಕ್ಕೊಮ್ಮೆ, ಸಿಟಿ ಬಸ್ಸಿಗೂ ಬೆದರದ
ಎತ್ತಿನ ಮೇಲೆ ಕೂತು ಬರುತ್ತಿದ್ದ.
ಅಜ್ಜಿ ಮೊರದಲ್ಲಿ ರಾಗಿ ತಂದಿಟ್ಟರೆ ಗಂಟೆ ಅಲ್ಲಾಡಿಸಿ ಶುರು:
ಮಲ್ಲಪ್ಪನ ಮಗ ಚಿಕ್ಕಣ್ಣ,
ಚಿಕ್ಕಣ್ಣನ ಮಗ ದೊಡ್ಡಗಿರಿಯ,
ದೊಡ್ಡಗಿರಿಯನ
(ಇಲ್ಲೊಂದು ಕೆಮ್ಮು)
ಬೋರಯ್ಯ, ಬೋರಯ್ಯನ ಮಗ...

ಪ್ರತಿ ಸಲ ಅದೇ ಜಾಗ, ಅದೇ ಕೆಮ್ಮು.
ಕೆಮ್ಮೂ ನಮ್ಮ ಹಿರಿಯರಲ್ಲೊಬ್ಬನೆಂದುಕೊಂಡು
ಸ್ಕೂಲಿನ ದಾರಿಯಲ್ಲಿ ನಾನೂ
ಕೆಮ್ಮಿಕೊಂಡೇ ಬಾಯಿಪಾಠ ಮಾಡಿದ್ದೆ.
ಹೆಂಗಸರ ಹೆಸರು ಎಲ್ಲಿ ಎಂದರೆ
'ಹೊತ್ತಗೆ ಸಣ್ಣದು ತಾಯೀ' ಅನ್ನುತ್ತಿದ್ದ.

ಅವನ ಮೊಮ್ಮಗ ಈಗ ಪೀಣ್ಯದಲ್ಲಿ ಆಟೊ ಓಡಿಸುತ್ತಾನೆ.
ಸಿಗ್ನಲ್ಲಿನಲ್ಲಿ ನಿಂತಾಗ
ಹೊತ್ತಗೆಯ ಹಾಳೆಯ ಫೋಟೊ ವಾಟ್ಸಾಪಿಗೆ ಹಾಕಿದ.
ಎಲ್ಲ ಹೆಸರಿನ ಪಕ್ಕ 'ಹುಟ್ಟಿದ್ದು'.
ಬೋರಯ್ಯನ ಪಕ್ಕ 'ತಂದದ್ದು'.
ಅಂಚಿನಲ್ಲಿ, ಧಾತು ಸಂವತ್ಸರ. ಅಷ್ಟೇ.
ಗಂಜಿಯ ಸಾಲಿನಲ್ಲಿ ಕೂಸಿನ ಕೈಬಿಟ್ಟ ಒಂದು ಕೈ...
ಅದು ಹಾಳೆಯಲ್ಲಿಲ್ಲ,
ರಾತ್ರಿ ನಿದ್ದೆ ಬಾರದೆ ನಾನು ಸೇರಿಸಿಕೊಂಡದ್ದು.

ನಾಲ್ಕನೆಯ ಖಾನೆ. ಹೆಸರು: ಬೋರಯ್ಯ. ಸಂಬಂಧ: ಮಗ.
ಬರೆದೆ. ಪೆನ್ನು ತಡೆಯಲಿಲ್ಲ.
ಅವನು ನೇಯ್ದ ಸೀರೆಯ ತುಂಡೇ ನಮ್ಮನೆಯ ತೊಟ್ಟಿಲ ಬಟ್ಟೆ;
ನಾನೂ ಅದರಲ್ಲೇ ಮಲಗಿ ಅತ್ತವಳು,
ನನ್ನ ಮಗಳೂ.

'ಜೋರಾಗಿ ಓದಬೇಕು, ಪದ್ಧತಿ' ಅಂದರು
ಕಾರ್ಯದರ್ಶಿ ಚೌಡಪ್ಪನವರು.
ಗೋಡೆಯ ಮೇಲೆ ಏಳು ಪಟಗಳು,
ಒಬ್ಬನೇ ಚಿತ್ರಗಾರ ಬರೆದ ಒಂದೇ ಮೀಸೆ.
ಎದ್ದು ನಿಂತು ಓದಿದೆ:
ಮಲ್ಲಪ್ಪನ ಮಗ ಚಿಕ್ಕಣ್ಣ,
ಚಿಕ್ಕಣ್ಣನ ಮಗ ದೊಡ್ಡಗಿರಿಯ,
ದೊಡ್ಡಗಿರಿಯನ

ಗಂಟಲು ತಾನಾಗಿ ಕೆಮ್ಮಿತು.

ಚೌಡಪ್ಪನವರು ರಸೀತಿ ಪುಸ್ತಕದಿಂದ ತಲೆಯೆತ್ತಲಿಲ್ಲ.
ನೀರಿನ ಲೋಟ ಇತ್ತ ಸರಿಸಿದರು.