ಅನ್ಕಂಡೆ

ಮೂರನೇ ಸಾಕ್ಷಿ ಹೊಂಬಾಳಮ್ಮ. ಶಾಂತಿಗ್ರಾಮದ ಟೋಲಿನಾಚೆ
ಟೀ ಅಂಗಡಿ. ಕಟಕಟೆಯ ಮರಕ್ಕೆ ಅಂಗೈ ಒತ್ತಿ ನಿಂತಳು,
ಒಲೆಯ ಕಾವು ನೋಡುವವಳ ಹಾಗೆ.
ಹಾಸನದ ಕೋರ್ಟಿನಲ್ಲಿ ಹದಿನಾಲ್ಕು ವರ್ಷದಿಂದ
ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಕುಟ್ಟುವುದು ನನ್ನ ಕೆಲಸ.
ಈಗೀಗ ಕಿವಿ ಬೆರಳಿಗೇ ನೇರ ಹೇಳುತ್ತದೆ, ನನ್ನನ್ನು ಕೇಳುವುದಿಲ್ಲ.

"ಆಲೂಗಡ್ಡೆ ಲಾರಿ ಸ್ವಾಮಿ. ಬೆಳಿಗ್ಗೆ ಐದೂವರೆ.
ಸ್ಟೇರಿಂಗ್ ಮ್ಯಾಲೆ ತಲೆ ಮಡಗಿದ್ದ.
ನಿದ್ದೆ ಮಾಡ್ತಾವ್ನೆ ಅನ್ಕಂಡೆ.
ರೇಡಿಯೋ ಸಣ್ಣಕ್ ಮಾಡ್ದೆ."

ಬೆರಳು ಹೊಡೆಯಿತು:
ಐ ಥಾಟ್ ಹಿ ವಾಸ್ ಸ್ಲೀಪಿಂಗ್.

ವಾಸ್.
ಸಕಲೇಶಪುರದ ಕಾನ್ವೆಂಟಿನಲ್ಲಿ ಫ್ಲೇವಿಯಾ ಟೀಚರ್
ಸ್ಕೇಲಿನ ತುದಿಯಿಂದ ಬೋರ್ಡು ತಟ್ಟಿ ಕಲಿಸಿದ್ದು:
ಯೋಚನೆ ನಿನ್ನೆಯದಾದರೆ
ಯೋಚನೆಯ ಒಳಗಿರುವುದೂ ನಿನ್ನೆಗೇ ಸರಿಯಬೇಕು,
ಪ್ರಾರ್ಥನೆಯ ಸಾಲಿನಲ್ಲಿ ಮುಂದಿನವಳು ಹಿಂದೆ ಸರಿದರೆ
ನೀನೂ ಒಂದು ಹೆಜ್ಜೆ ಸರಿಯುವ ಹಾಗೆ.
ಸರಿಯದೆ ನಿಂತು 'ಈಸ್' ಎಂದು ಬರೆದಾಗಲೆಲ್ಲ
ಅರ್ಧ ಮಾರ್ಕು ಹೋಗುತ್ತಿತ್ತು.

ನಮ್ಮಲ್ಲಿ ಅಂದುಕೊಂಡದ್ದು ಯಾವಾಗಲೇ ಆಗಿರಲಿ,
ಮೊನ್ನೆ, ಹೋದ ಆಷಾಢ, ಅಜ್ಜಿಯ ಮದುವೆಯ ದಿನ,
ಒಳಗಿನವನು ಈಗಲೂ ಮಾಡ್ತಾವ್ನೆ.
ಡಬ್ಬಿಗೆ ತುಕ್ಕು ಹಿಡಿದಿದೆ. ಸಕ್ಕರೆ ಸಕ್ಕರೆಯೇ.

ಇನ್ನೂ ಒಂದಿದೆ. ಇಂಗ್ಲಿಷು ಮೊದಲೇ ಹೇಳಿಬಿಡುತ್ತದೆ.
ಐ ಥಾಟ್ ಎಂದ ಕೂಡಲೆ ಕೇಳುವವರಿಗೆ ಗೊತ್ತು, ಹಾಗಿರಲಿಲ್ಲ.
ಹೊಂಬಾಳಮ್ಮನ ಮಾತಿನಲ್ಲಿ ಅವನು ಮೊದಲು ನಿದ್ದೆ ಮಾಡುತ್ತಾನೆ.
'ಅನ್ಕಂಡೆ' ಬರುವ ತನಕ,
ಅರ್ಧ ಉಸಿರಿನಷ್ಟು ಹೊತ್ತು,
ಚಳ್ಳಕೆರೆಯ ತಿಪ್ಪೇಶಿ ಕೋರ್ಟು ಹಾಲಿನಲ್ಲಿ ಬದುಕಿದ್ದ.
ಹಿಂದಿನ ಬೆಂಚಿನಲ್ಲಿ ಅವನ ಹೆಂಡತಿ ಕತ್ತೆತ್ತಿದ್ದಳು.

ಕಂಪನಿಯ ವಕೀಲರು ಎದ್ದರು.
ನನ್ನ ಹಾಳೆಯ ಕೊನೆಯ ಮೂರು ಪದ ಮಾತ್ರ
ಇಕ್ಕಳದಲ್ಲಿ ಹಿಡಿದಂತೆ ಎತ್ತಿದರು: ಹಿ ವಾಸ್ ಸ್ಲೀಪಿಂಗ್.
ಮಲಗಿದ್ದ ಅಂದಮೇಲೆ ಕೆಲಸದಲ್ಲಿರಲಿಲ್ಲ, ಅಲ್ಲವೇನಮ್ಮ?
ಮೊದಲೆರಡು ಪದ ಹಾಳೆಯಲ್ಲೇ ಉಳಿದವು,
ಒಳಗೆ ಹೋದವರು ಬಾಗಿಲಲ್ಲಿ ಬಿಟ್ಟ ಚಪ್ಪಲಿಯಂತೆ.

"ನಿದ್ದೆ ಅಲ್ಲ ಅಂತ ಆಮೇಲ್ ಗೊತ್ತಾಯ್ತಲ್ಲ ಸ್ವಾಮಿ,
ಟೀ ತಕ್ಕಂಡ್ ಹೋದಾಗ."
ಸ್ವಲ್ಪ ತಡೆದು, ಯಾರೂ ಕೇಳದಿದ್ದರೂ:
"ಎಬ್ಬುಸ್ಬೋದಿತ್ತು. ಒಂದ್ ಗಂಟೆ ಬುಟ್ಟೆ."

ಅದನ್ನೂ ಕುಟ್ಟಿದೆ. ವ್ಯಾಕರಣ ಸರಿಯಾಗಿಯೇ ಬಂತು.

ಓದಿ ಹೇಳುವುದು ನಿಯಮ. ನನ್ನ ಇಂಗ್ಲಿಷನ್ನು
ನಾನೇ ಮತ್ತೆ ಕನ್ನಡಕ್ಕೆ ಹೊರಳಿಸುತ್ತ ಓದಿದೆ:
ಸದರಿ ಚಾಲಕನು ನಿದ್ದೆ ಮಾಡುತ್ತಿದ್ದನೆಂದು ಭಾವಿಸಿದೆನು.
ಇಂಕಿನ ಪ್ಯಾಡಿನ ಮೇಲೆ ಹೆಬ್ಬೆಟ್ಟು ನಿಂತಿತು.

"ನಾನಂಗ್ ಅಂದಿಲ್ಲ."
ಮತ್ತೇನಂದ್ರಿ?
"ಮಾಡ್ತಾವ್ನೆ ಅಂದೆ."
ಎರಡೂ ಒಂದೇ ಕಣಮ್ಮ, ಎಂದರು ಗುಮಾಸ್ತರು.
ಗಡಿಯಾರದಲ್ಲಿ ಒಂದು ಐವತ್ತು. ಅವರ ಡಬ್ಬಿಯಲ್ಲಿ ಚಿತ್ರಾನ್ನ.

ವಾಸ್ ಎಂಬುದರ ಬುಡದಲ್ಲಿ ಕರ್ಸರ್ ಮಿಟುಕುತ್ತಿತ್ತು.
ಈಸ್ ಎಂದು ತಿದ್ದಿದರೆ ಸಾಹೇಬರು ಸುತ್ತು ಹಾಕುತ್ತಾರೆ,
ಕೆಂಪು ಶಾಯಿ, ಅರ್ಧ ಮಾರ್ಕು.
ತಿದ್ದಲಿಲ್ಲ. ಪಕ್ಕದಲ್ಲಿ ಕಂಸ ಬಿಡಿಸಿ ಅದರೊಳಗೆ
ಕನ್ನಡದ ಅಕ್ಷರದಲ್ಲಿ ಅವಳ ಮಾತನ್ನೇ ಇಟ್ಟೆ.
'ವ'ಕ್ಕೆ ಒತ್ತು ಎಲ್ಲಿದೆಯೆಂದು ಹುಡುಕುವುದರಲ್ಲಿ
ಹೊತ್ತು ಹೋಯಿತು. ಗುಮಾಸ್ತರು ಕೆಮ್ಮಿದರು.

ಹೆಬ್ಬೆಟ್ಟು ಒತ್ತಿದಳು. ಸೀರೆಗೆ ತಾಗದಂತೆ ಕೈಯನ್ನು ದೂರ ಹಿಡಿದು
ಹೊರಗೆ ಮೆಟ್ಟಿಲ ಮೇಲೆ ನನಗಾಗಿ ಕಾದಿದ್ದಳು:
ಚನ್ನರಾಯಪಟ್ಟಣದ ಬಸ್ ಎಷ್ಟೊತ್ಗೆ?
ಎರಡೂಕಾಲಿಗೆ ಒಂದಿದೆ ಅಂದ್ಕೊಂಡಿದ್ದೆ, ಎಂದೆ.

"ಅನ್ಕಳದ್ ಬುಡವ್ವ," ಎಂದಳು, "ಐತಾ?"