ಹತ್ತೊಂಬತ್ತು ದಿನದ ಮನೆ

ರಾತ್ರಿ ಹತ್ತೂವರೆಗೆ
ಅಂಗಳದಲ್ಲಿ ಒಣಹಾಕಿದ ಕಾಫಿಯ ಮೇಲೇ ಗಾಡಿ ಹತ್ತಿಸಿ
ದಾವಣಗೆರೆಯವರು ಹನ್ನೊಂದು ಜನ ಇಳಿದರು.
ಒಂದು ಮಗು, ಒಂದು ಕುಕ್ಕರು.
ಬುಕ್ ಆಗಿದೆ ಎಂದರು, ಹದಿನಾಲ್ಕು ಸಾವಿರ ಕಟ್ಟಿದ್ದೇವೆ ಎಂದರು,
ಫೋನು ಚಾಚಿದರು.
ಪರದೆಯಲ್ಲಿ ನಮ್ಮದೇ ಮನೆ, ನಮ್ಮದೇ ಮೆಟ್ಟಿಲು,
ಮೆಟ್ಟಿಲ ಮೇಲೆ ಮೂತಿಯಿಟ್ಟು ಮಲಗಿದ ಬೊಗ್ಗ.
ಅವನು ಸತ್ತು ಎರಡು ಹುತ್ತರಿ ಕಳೆದಿದೆ.

ನಾವು ಕೋಣೆ ಬಾಡಿಗೆಗೆ ಕೊಡುವವರಲ್ಲ.
ಹಾಗೆಂದು ಹೇಳಿಯೇ ಚಾಪೆ ಹಾಸಿದೆವು, ಗಂಜಿ ಕಾಯಿಸಿದೆವು.
ಎಲ್ಲರ ಗೊರಕೆ ಒಂದೇ ಲಯಕ್ಕೆ ಬಂದ ಮೇಲೆ
ಅಡುಗೆಮನೆಯ ಮೇಜಿಗೆ ಕೂತು
ಆ ವೆಬ್‌ಸೈಟಿನ ಹೆಸರನ್ನು ಹುಡುಕುವ ಚೌಕಕ್ಕೆ ಹಾಕಿದೆ:
ಯಾರು ನೀನು?

ನಮ್ಮಲ್ಲಿ ಎಲ್ಲಕ್ಕೂ ಮೊದಲು ಇದೇ.
ಮದುವೆಯಲ್ಲಿ ಅರುವ ಎದ್ದು ನಿಂತು ಕೇಳುತ್ತಾನೆ,
ಯಾವ ನಾಡು, ಯಾವ ಊರು, ಯಾವ ಒಕ್ಕ;
ಉತ್ತರ ಬಾರದೆ ಕಲ್ಲು ಕೈ ಬದಲಿಸುವುದಿಲ್ಲ.
ಚಿಟ್ಟಿಯಪ್ಪ ಚಿಕ್ಕಪ್ಪ ಇಪ್ಪತ್ತು ವರ್ಷ ಅರುವನಾಗಿದ್ದವನು,
ತಡವರಿಸಿದವನ ಕಿವಿ ನೋಡಿಯೇ ಸುಳ್ಳು ಹಿಡಿಯುತ್ತಿದ್ದ.

ಪರದೆಗೆ ಕಿವಿಯಿಲ್ಲ.
ಹುಟ್ಟಿದ್ದು ಹತ್ತೊಂಬತ್ತು ದಿನದ ಹಿಂದೆ, ಎಂದಿತು.
ಆಯಸ್ಸು ಒಂದು ವರ್ಷ, ಹಣ ಸಂದಿದೆ.
ಒಡೆಯನ ಹೆಸರು: ಗೋಪ್ಯತೆಗಾಗಿ ಮರೆಮಾಡಲಾಗಿದೆ.
ಬೀದಿ: ಮರೆ. ಫೋನು: ಮರೆ.
ದೇಶ ಮಾತ್ರ ಇತ್ತು, ಎರಡೇ ಅಕ್ಷರದಲ್ಲಿ.
ಅದೂ ಮುಸುಕು ಹೊಲಿದುಕೊಡುವ ಕಂಪನಿಯದು.

ಹೆಸರು ಬಿಟ್ಟು ಅಂಕಿ ಹಿಡಿದೆ.
ನಾಲ್ಕು ಸಂಖ್ಯೆ, ನಡುವೆ ಮೂರು ಚುಕ್ಕಿ.
ಆ ಒಂದು ವಿಳಾಸದ ಸೂರಿನಡಿ ನಾನೂರ ಹನ್ನೆರಡು ಬಿಡಾರ:
ಹಲ್ಲುಪುಡಿ, ಜಾತಕ, ಐದು ನಿಮಿಷದ ಸಾಲ,
ಸಕಲೇಶಪುರದ ಇನ್ನೊಂದು ಹೋಂಸ್ಟೇ.
ಅದರ ಮೆಟ್ಟಿಲ ಮೇಲೂ ಯಾರದೋ ನಾಯಿ.
ನಕಾಶೆ ಒಂದು ಕೆಂಪು ಮೊಳೆ ಹೊಡೆಯಿತು.
ಹತ್ತಿರಕ್ಕೆಳೆದು ನೋಡಿದೆ: ಸರೋವರದ ನಡುವೆ, ನೀರಿನಲ್ಲಿ.
ಗೊತ್ತಿಲ್ಲ ಎನ್ನಲು ನಾಚಿಕೆಯಾದಾಗ
ದೇಶದ ನಟ್ಟನಡುವೆ ಬೆರಳಿಟ್ಟುಬಿಡುತ್ತದಂತೆ ಅದು.

ನಗು ಬಂತು. ನಾನೆಲ್ಲಿದ್ದೇನೆ ಎಂದೂ ಕೇಳಿದೆ.
ಚೆನ್ನೈ, ಎಂದಿತು, ಒಂದಿಷ್ಟೂ ಅನುಮಾನವಿಲ್ಲದೆ.
ನಾಪೋಕ್ಲುವಿನಿಂದ ಮೂರು ಕಿಲೋಮೀಟರ್ ಒಳಗೆ
ಆರಿದ ಒಲೆಯ ಪಕ್ಕ, ಪಾದದ ಮೇಲೆ ಬೆಕ್ಕು ಮಲಗಿಸಿಕೊಂಡು
ನಾನು ಚೆನ್ನೈಯಲ್ಲಿದ್ದೆ.

ಅಲ್ಲಿಗೆ ನಿಲ್ಲಿಸಬಹುದಿತ್ತು.
ಒಂಬತ್ತು ವರ್ಷದ ಹಿಂದೆ ಜೇನು ಮಾರಲೆಂದು ಒಂದು ಹೆಸರು ಕೊಂಡಿದ್ದೆ,
ಹತ್ತು ವರ್ಷದ ದುಡ್ಡು ಒಟ್ಟಿಗೇ ಕಟ್ಟಿ ಮರೆತಿದ್ದೆ.
ಅದನ್ನೂ ಕೇಳಿದೆ: ಯಾರು ನೀನು?
ಎಲ್ಲ ಇತ್ತು.
ಬೊಳ್ಳವ್ವ. ಒಕ್ಕದ ಹೆಸರು. ಅಂಚೆ ನಾಪೋಕ್ಲು.
ಮೊಬೈಲು, ಕೊನೆಯ ಅಂಕಿಯವರೆಗೆ.
ಜೇನಿನ ಪುಟದಲ್ಲಿ ಅದೇ ಫೋಟೋ, ಅದೇ ಮೆಟ್ಟಿಲು, ಬೊಗ್ಗ.
ಕಳ್ಳ ಬೇಲಿ ಹಾರಿರಲೇ ಇಲ್ಲ.
ಹಾದುಹೋದವರಿಗೆಲ್ಲ ಒಂಬತ್ತು ವರ್ಷ ಹಗಲಿರುಳು
ನಾನೇ ನನ್ನ ಮನೆದಾರಿ ಹೇಳುತ್ತ ನಿಂತಿದ್ದೆ,
ಕೇಳುವ ಮೊದಲೇ ಹೆಸರು ಹೇಳುವುದು ಮರ್ಯಾದೆ ಅಂದುಕೊಂಡು.

ಬೆಳಿಗ್ಗೆ ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದ:
ಹೆಸರು ಹೇಳದವನಿಗೆ ನೆಲ ಕೊಟ್ಟವರು ಯಾರು?
ನೆಲ ಕೊಟ್ಟವರಿಗೆ ದೂರು ಬರೆದೆ,
ನಾಯಿ ಸತ್ತ ತಾರೀಖು ಸಮೇತ.
ಉತ್ತರವಾಗಿ ಒಂದು ನಂಬರು ಬಂತು.
ನಾಲ್ಕನೇ ದಿನ ಆ ಮನೆ ಬಿತ್ತು.
ಐದನೇ ದಿನ ಎದ್ದಿತು, ಹೆಸರಿನ ನಡುವೆ ಒಂದು ಅಡ್ಡಗೆರೆ ಹೆಚ್ಚಾಗಿ.
ವಯಸ್ಸು: ಸೊನ್ನೆ ದಿನ.

ದಾವಣಗೆರೆಯವರು ಮರುದಿನವೇ ಹೊರಟಿದ್ದರು.
ಹೊರಡುವ ಮುಂಚೆ, ಟೈರು ತುಳಿದ ಕಾಫಿಯನ್ನು
ಮಗುವೂ ಸೇರಿ ಎಲ್ಲರೂ ಎಳೆದು ಸಮ ಮಾಡಿಕೊಟ್ಟರು.
ಕುಕ್ಕರನ್ನು ಕಂಕುಳಲ್ಲಿಟ್ಟುಕೊಂಡಿದ್ದ ಹೆಂಗಸು
ಖಾಲಿ ಮೆಟ್ಟಿಲನ್ನೇ ಒಂದು ಗಳಿಗೆ ನೋಡಿ ಅಂದಳು:
ರೇಟು ನೋಡಿ ಅಲ್ರೀ,
ನಾವು ನಾಯಿ ನೋಡಿ ನಂಬಿದ್ವಿ.